ಒಬ್ಬರೇ ಹತ್ತಿ, ಕೊನೆಯ ನಿಲ್ದಾಣದಲ್ಲಿ ಇಳಿಯಿರಿ

ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಮೊದಲ ಸಲ ಒಬ್ಬಳೇ ರೈಲು ಹತ್ತಿದಾಗ ನನಗೆ ನಲವತ್ತೊಂದು ವರ್ಷ. ಪಕ್ಕದ ಮನೆಯವರಿಗೆ ಸಾಗರದಲ್ಲಿ ಗೃಹಪ್ರವೇಶವಿದೆ ಎಂದು ಸುಳ್ಳು ಹೇಳಿದ್ದೆ. ಹತ್ತಿ ಸೀರೆ ಉಟ್ಟು, ಹೆಗಲಿಗೆ ಜೋಳಿಗೆ ಸಿಕ್ಕಿಸಿಕೊಂಡು ಯಾವ ಗೃಹಪ್ರವೇಶಕ್ಕೆ ಹೊರಟಿರಿ ಎಂದು ಅವರು ಕೇಳಲಿಲ್ಲ. ಮನೆಯಲ್ಲಿ ಅತ್ತೆ ಮಾತ್ರ ನೇರವಾಗಿ ಕೇಳಿದರು: "ಒಬ್ಬಳೇ ಹೋಗಿ ಏನು ನೋಡುತ್ತೀಯೇ? ನೋಡಿದ್ದನ್ನು ಯಾರಿಗೆ ಹೇಳುತ್ತೀಯ?"

ಆಮೇಲೆ ಆ ದಾರಿಯಲ್ಲಿ ಎಷ್ಟೋ ಸಲ ಹೋಗಿ ಬಂದೆ. ಹೋಗಬೇಕು ಎಂದುಕೊಂಡು ವರ್ಷಗಟ್ಟಲೆ ಹಾಗೆಯೇ ಕುಳಿತವರು ನನ್ನ ಪರಿಚಯದಲ್ಲೇ ಹತ್ತಾರು ಜನರಿದ್ದಾರೆ, ಗಂಡಸರೂ ಹೆಂಗಸರೂ. ಅವರಿಗಾಗಿ ಈ ಲೇಖನ.

ಈ ದಾರಿಯೇ ಏಕೆ?

ರೈಲಿನ ಕಿಟಕಿಯಿಂದ ಮಲೆನಾಡು ನೋಡಬೇಕು ಎಂದರೆ ಎಲ್ಲರೂ ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದ ಹೆಸರು ಹೇಳುತ್ತಾರೆ. ಅಲ್ಲಿನ 57 ಸುರಂಗಗಳಲ್ಲಿ ಪ್ರತಿಯೊಂದು ಬಂದಾಗಲೂ ಬೋಗಿಯ ತುಂಬ ಕೂಗಾಟ. ಅದು ಬಳಗ ಕಟ್ಟಿಕೊಂಡು ಹೋಗುವ ದಾರಿ. ತಾಳಗುಪ್ಪದ ದಾರಿಗೆ ಅಂಥ ಆರ್ಭಟವಿಲ್ಲ. ಘಟ್ಟ ಇಳಿಯದೆ, ಘಟ್ಟದ ಮೇಲೆಯೇ ಕಾಡು, ಗದ್ದೆ, ಅಡಿಕೆ ತೋಟಗಳ ನಡುವೆ ಸುಮಾರು 97 ಕಿ.ಮೀ. ಸಾಗಿ ನಿಂತುಬಿಡುತ್ತದೆ. ಎರಡು, ಎರಡೂವರೆ ಗಂಟೆಯ ಪಯಣ. ಬೇಸರವಾದರೂ ಅಷ್ಟರಲ್ಲಿ ಮುಗಿದಿರುತ್ತದೆ.

ಇನ್ನೊಂದು ಕಾರಣವನ್ನು ಯಾರೂ ಹೇಳುವುದಿಲ್ಲ. ಒಂಟಿಯಾಗಿ ಹೊರಟವರ ಮೊದಲ ಭಯ ಇಳಿಯುವ ನಿಲ್ದಾಣ ತಪ್ಪಿಹೋದರೆ ಎಂಬುದು. ತಾಳಗುಪ್ಪದಲ್ಲಿ ಹಳಿಯೇ ಮುಗಿಯುತ್ತದೆ. ನಿದ್ದೆ ಹೋದರೂ, ಮೈಮರೆತು ಕುಳಿತರೂ ರೈಲು ನಿಮ್ಮನ್ನು ಮುಂದಕ್ಕೆ ಒಯ್ಯಲಾರದು. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ಬೀರೂರಿನಿಂದ ಶಿವಮೊಗ್ಗಕ್ಕೆ ಹಳಿ ಬಂದದ್ದು 1899ರಲ್ಲಿ. ಅಲ್ಲಿಂದ ತಾಳಗುಪ್ಪದವರೆಗೆ ಅದು ಬೆಳೆದದ್ದು ಮೈಸೂರು ಸಂಸ್ಥಾನದ ಕಾಲದಲ್ಲೇ. ಮೀಟರ್ ಗೇಜಿನ ಕೊನೆಯ ವರ್ಷಗಳಲ್ಲಿ ಇಲ್ಲಿ ರೈಲ್ ಬಸ್ ಓಡಾಡುತ್ತಿತ್ತು. ಹೆಸರಿಗೆ ರೈಲು, ನೋಡಲು ಬಸ್ಸು. ಬ್ರಾಡ್ ಗೇಜ್ ತಾಳಗುಪ್ಪ ಮುಟ್ಟಿದ್ದು 2011ರಲ್ಲಿ.

ದಿನ, ಹೊತ್ತು

ಜುಲೈ ಅಥವಾ ಆಗಸ್ಟ್ ತಿಂಗಳ ವಾರದ ನಡುವಿನ ಒಂದು ದಿನ ನೋಡಿಕೊಳ್ಳಿ. ಶನಿವಾರ, ಭಾನುವಾರ ಜೋಗಕ್ಕೆ ಹೋಗುವವರೆಲ್ಲ ಇದೇ ರೈಲಿನಲ್ಲಿರುತ್ತಾರೆ. ಕಿಟಕಿ ಸಿಗುವುದು ಕಷ್ಟ. ಮಳೆ ಬೇಡ ಎನ್ನುವವರು ಅಕ್ಟೋಬರ್ ಕೊನೆಯಲ್ಲಿ ಹೋಗಲಿ. ಗದ್ದೆ ಹಣ್ಣಾಗುವ ಕಾಲವದು, ಆ ಬಣ್ಣಕ್ಕೂ ಒಂದು ಬೆಲೆ ಇದೆ. ಏಪ್ರಿಲ್, ಮೇ ಬೇಡ. ಕಾಡು ಒಣಗಿರುತ್ತದೆ, ಬೋಗಿ ಕಾದಿರುತ್ತದೆ.

ಹೊರಡುವುದು ಹಗಲಿನಲ್ಲೇ ಆಗಲಿ. ಬೆಂಗಳೂರಿನಿಂದ ರಾತ್ರಿ ರೈಲಿನಲ್ಲಿ ಬರುವವರಿಗೆ ಶಿವಮೊಗ್ಗ ದಾಟುವಾಗ ಇನ್ನೂ ಕತ್ತಲೆ ಇರುತ್ತದೆ. ಕಾಡಿನ ಭಾಗವೆಲ್ಲ ನಿದ್ದೆಯಲ್ಲೇ ಕಳೆದುಹೋಗುತ್ತದೆ. ಅಂಥವರು ಶಿವಮೊಗ್ಗ ಬರುವಾಗಲೇ ಎದ್ದು, ಮುಖ ತೊಳೆದು ಕಿಟಕಿಯ ಬಳಿ ಕುಳಿತುಬಿಡಬೇಕು. ಆನಂದಪುರದ ಹೊತ್ತಿಗೆ ಬೆಳಕು ಹರಿಯುತ್ತದೆ. ಮಂಜು ಗದ್ದೆಯಿಂದ ಏಳುತ್ತಿದೆಯೋ ಗದ್ದೆಗೆ ಇಳಿಯುತ್ತಿದೆಯೋ ತಿಳಿಯದ ಆ ಅರ್ಧ ಗಂಟೆಗಾಗಿ ನಿದ್ದೆ ಕೆಟ್ಟರೂ ನಷ್ಟವಿಲ್ಲ.

ರೈಲುಗಳು ಕೆಲವೇ ಇವೆ, ವೇಳೆಯೂ ಆಗಾಗ ಬದಲಾಗುತ್ತದೆ. ಹಿಂದಿನ ದಿನ ರೈಲ್ವೆ ಸಹಾಯವಾಣಿ 139ಕ್ಕೆ ಕರೆ ಮಾಡಿಯೋ ಆ್ಯಪ್‌ನಲ್ಲೋ ನೋಡಿಕೊಳ್ಳಿ. ಹೋಗುವ ರೈಲನ್ನು ನೋಡುವಾಗಲೇ ಬರುವ ರೈಲಿನ ವೇಳೆಯನ್ನೂ ಚೀಟಿಯಲ್ಲಿ ಬರೆದುಕೊಳ್ಳಿ. ಅದು ಏಕೆಂದು ಮುಂದೆ ಹೇಳುತ್ತೇನೆ.

ಟಿಕೆಟ್

ಇಲ್ಲಿ ಒಂದು ಗೊಂದಲವಿದೆ. ಊರಿನಲ್ಲಿ ಶಿವಮೊಗ್ಗ ಎಂಬ ನಿಲ್ದಾಣ ಬೇರೆ, ಶಿವಮೊಗ್ಗ ಟೌನ್ ಬೇರೆ. ನಿಮಗೆ ಬೇಕಾದದ್ದು ಟೌನ್. ಹಾಗೆಯೇ ಆ್ಯಪ್‌ನಲ್ಲಿ ಸಾಗರ ಎಂದಷ್ಟೇ ಹುಡುಕಿದರೆ ಎಲ್ಲೆಲ್ಲಿಯದೋ ಸಾಗರಗಳು ಬರುತ್ತವೆ. ನಮ್ಮದರ ಹೆಸರು ಸಾಗರ ಜಂಬಗಾರು.

ಇಷ್ಟು ಹತ್ತಿರದ ಪಯಣಕ್ಕೆ ಕಾಯ್ದಿರಿಸದ ಜನರಲ್ ಟಿಕೆಟ್ ಸಾಕು. ಅದನ್ನು ಪಡೆದ ಮೂರು ಗಂಟೆಯೊಳಗೆ ಪಯಣ ಶುರುವಾಗಬೇಕು ಎಂಬುದು ಸಾಮಾನ್ಯ ನಿಯಮ. ಬೆಳಗ್ಗೆಯೇ ತೆಗೆದು ಸಂಜೆಗೆ ಇಟ್ಟುಕೊಳ್ಳುವಂತಿಲ್ಲ. ಮೊಬೈಲ್‌ನಲ್ಲಿ ಪಡೆದರೆ ಆ್ಯಪ್‌ನಲ್ಲೇ ತೋರಿಸಬೇಕು, ಸ್ಕ್ರೀನ್‌ಶಾಟ್ ನಂಬಿಕೊಂಡು ಹೋಗಬೇಡಿ. ಸೀಟು ಖಚಿತವಾಗಿ ಬೇಕೆಂದರೆ ಕುರ್ಚಿ ಬೋಗಿಯಲ್ಲಿ ಕಾಯ್ದಿರಿಸಬಹುದು. ನನಗೆ ಜನರಲ್ ಬೋಗಿಯೇ ಇಷ್ಟ. ನಡುವಿನ ಊರುಗಳ ಜನ ಹತ್ತಿ ಇಳಿಯುವುದು ಅಲ್ಲಿಯೇ.

ಹೆಂಗಸರು ತಿಳಿದಿರಬೇಕಾದ ಒಂದು ವಿಷಯ: ಟಿಕೆಟ್ ಇಲ್ಲದಿದ್ದರೂ ಒಂಟಿ ಹೆಂಗಸನ್ನು ರಾತ್ರಿಯಲ್ಲಿ ಎಲ್ಲೆಂದರಲ್ಲಿ ಇಳಿಸುವಂತಿಲ್ಲ. 1989ರ ರೈಲ್ವೆ ಕಾಯ್ದೆಯ 139ನೇ ಸೆಕ್ಷನ್ ಹೀಗೆ ಹೇಳುತ್ತದೆ. ಸಹಾಯವಾಣಿಯ ಸಂಖ್ಯೆಯೂ 139 ಆಗಿರುವುದರಿಂದ ಎರಡೂ ಒಟ್ಟಿಗೆ ನೆನಪಿನಲ್ಲಿ ಉಳಿಯುತ್ತವೆ. ಟಿಕೆಟ್ ತೆಗೆಯಬೇಡಿ ಎಂದು ಇದರ ಅರ್ಥವಲ್ಲ!

ಚೀಲ

ಒಂದೇ ಚೀಲ. ಶೌಚಾಲಯಕ್ಕೆ ಹೋಗುವಾಗಲೂ ಹೆಗಲಿಗೆ ಹಾಕಿಕೊಂಡು ಹೋಗುವಷ್ಟು ಹಗುರವಾದದ್ದು. ಒಂಟಿ ಪಯಣಿಗರ ಲಗೇಜಿಗೆ ನನ್ನ ಅಳತೆ ಇಷ್ಟೇ. ಕೊಡೆ, ನೀರು, ಒಂದು ಒಣ ಪಂಚೆ ಅಥವಾ ಟವೆಲ್, ಚಿಲ್ಲರೆ ಹಣ. ಜೋಗದ ಕಡೆ ಹುಲ್ಲಿನಲ್ಲಿ ಓಡಾಡುವವರಿಗೆ ಉಂಬಳಕ್ಕೆ (ರಕ್ತ ಹೀರುವ ಜಿಗಣೆ) ಸುಣ್ಣವೋ ಉಪ್ಪೋ ಪೊಟ್ಟಣ ಕಟ್ಟಿಕೊಂಡಿದ್ದರೆ ಒಳ್ಳೆಯದು. ಊಟಕ್ಕೆ ಮನೆಯಿಂದ ಅಕ್ಕಿರೊಟ್ಟಿ, ಚಟ್ನಿ ತೆಗೆದುಕೊಂಡು ಹೋಗಿ. ನಾಲ್ಕು ಹೆಚ್ಚಿಗೆ ಇರಲಿ, ಎದುರಿಗೆ ಕುಳಿತವರಿಗೂ ಆಗುತ್ತದೆ.

ಕಿಟಕಿ

ಎಡವೋ ಬಲವೋ ಎಂದು ಅನೇಕರು ಕೇಳುತ್ತಾರೆ. ಈ ದಾರಿಯಲ್ಲಿ ಅಂಥ ಪಕ್ಷಪಾತವಿಲ್ಲ. ಒಂದು ಕಡೆ ಕಾಡಿದ್ದರೆ ಇನ್ನೊಂದು ಕಡೆಯೂ ಕಾಡು. ಬಿಸಿಲು ಬೀಳದ ಕಡೆ ಕುಳಿತರೆ ಸಾಕು. ಬಾಗಿಲಲ್ಲಿ ಕಾಲು ಇಳಿಬಿಟ್ಟು ಕೂರುವುದು ಮಾತ್ರ ಬೇಡ. ಮಳೆಗಾಲದಲ್ಲಿ ಮೆಟ್ಟಿಲು ಪಾಚಿಯಂತೆ ಜಾರುತ್ತದೆ. ಒಬ್ಬರೇ ಹೋದವರು ಬಿದ್ದರೆ ಮುಂದಿನ ನಿಲ್ದಾಣದವರೆಗೆ ಯಾರಿಗೂ ಗೊತ್ತಾಗದಿರಬಹುದು.

ಟೌನ್ ಬಿಟ್ಟ ಮೇಲೆ ಸ್ವಲ್ಪ ಹೊತ್ತು ಮನೆಗಳ ಹಿತ್ತಿಲು, ಒಗೆದ ಬಟ್ಟೆ, ಬಾಳೆಗಿಡ. ಕೋಣಗವಳ್ಳಿ ಕಳೆದು ಕುಂಸಿ ಬರುವ ಹೊತ್ತಿಗೆ ಊರಿನ ಸದ್ದು ಹಿಂದೆ ಉಳಿದಿರುತ್ತದೆ. ಕುಂಸಿಯಿಂದ ಅರಸಾಳಿನವರೆಗೆ ಕಾಡು. ಮೊಬೈಲ್ ಸಿಗ್ನಲ್ ಬಂದು ಹೋಗಿ ಮಾಡುತ್ತದೆ. ಅದು ಹೋದಾಗ ಮೊಬೈಲನ್ನು ಚೀಲದೊಳಗೆ ಹಾಕಿಬಿಡಿ, ಮತ್ತೆ ಬಂತೇ ಎಂದು ನೋಡುತ್ತ ಕೂರಬೇಡಿ. ಮೊದಲ ಅರ್ಧ ಗಂಟೆ ಕೈ ಚಡಪಡಿಸುತ್ತದೆ. ನಾನು ಮೊದಲ ಸಲ ಚೀಲದ ಜಿಪ್ಪನ್ನು ಎಷ್ಟು ಸಲ ಎಳೆದೆನೋ ಲೆಕ್ಕವಿಲ್ಲ. ಯಾರಿಗೂ ತಟ್ಟೆ ಹಾಕಬೇಕಾಗಿಲ್ಲ, ಯಾರ ಮೂಗು ಒರೆಸಬೇಕಾಗಿಲ್ಲ, ಯಾರನ್ನೂ "ಅಲ್ಲಿ ನೋಡು" ಎಂದು ಎಬ್ಬಿಸಬೇಕಾಗಿಲ್ಲ ಎಂಬುದು ತಲೆಗೆ ಹೋಗಲು ಅರಸಾಳು ಬರಬೇಕಾಯಿತು.

ಅರಸಾಳಿನಲ್ಲಿ ತಲೆ ಎತ್ತಿ ನೋಡಿ. ಶಂಕರ್‌ನಾಗ್ 1980ರ ದಶಕದಲ್ಲಿ ತಮ್ಮ ಮಾಲ್ಗುಡಿ ಧಾರಾವಾಹಿಯ ರೈಲು ನಿಲ್ದಾಣವಾಗಿ ತೋರಿಸಿದ್ದು ಇದನ್ನೇ. ಹಳೆಯ ಕಟ್ಟಡವನ್ನು ರಿಪೇರಿ ಮಾಡಿ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಎಂದು ತೆರೆದಿದ್ದಾರೆ. ಇಳಿದು ನೋಡಬೇಕು ಎನ್ನುವವರು ತಮ್ಮ ರೈಲು ಅಲ್ಲಿ ನಿಲ್ಲುತ್ತದೆಯೇ, ಮುಂದಿನದು ಯಾವಾಗ ಎಂದು ಮೊದಲೇ ವಿಚಾರಿಸಿಕೊಳ್ಳಬೇಕು. ಮೊದಲ ಸಲಕ್ಕೆ ಕಿಟಕಿಯಿಂದ ನೋಡಿದರೆ ಸಾಕು ಎಂಬುದು ನನ್ನ ಸಲಹೆ.

ಇದು ಒಂಟಿ ಹಳಿಯ ದಾರಿ. ಎದುರಿನಿಂದ ರೈಲು ಬರುವುದಿದ್ದರೆ ಯಾವುದಾದರೂ ನಿಲ್ದಾಣದಲ್ಲಿ ಕ್ರಾಸಿಂಗ್‌ಗೆ ನಿಲ್ಲಿಸುತ್ತಾರೆ. ಪ್ಲಾಟ್‌ಫಾರ್ಮಿನಲ್ಲಿ ಜನರಿಲ್ಲ, ಎಂಜಿನ್ನಿನ ಸದ್ದು ದೂರದಲ್ಲಿ, ತಗಡಿನ ಮೇಲೆ ಮಳೆ. ಗಡಿಬಿಡಿಯಲ್ಲಿರುವವರು ಗೊಣಗುತ್ತಾರೆ. ನನಗೆ ಇಡೀ ಪಯಣದಲ್ಲಿ ಎಲ್ಲಕ್ಕಿಂತ ಹಿಡಿಸುವುದು ಇದೇ ಹದಿನೈದು ನಿಮಿಷ.

ಆನಂದಪುರ ದಾಟಿದ ಮೇಲೆ ಗುಡ್ಡಗಳ ಸಂದಿಯಲ್ಲಿ ಅಡಿಕೆ ತೋಟಗಳು ಕಾಣತೊಡಗುತ್ತವೆ. ಮಳೆಗಾಲದಲ್ಲಿ ಮರದ ತುದಿಯಲ್ಲಿ ಮನುಷ್ಯ ಕಂಡರೆ ಗಾಬರಿಯಾಗಬೇಡಿ, ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತಿರುತ್ತಾರೆ.

ಮಾತು

ಒಂಟಿ ಪಯಣ ಎಂದರೆ ಮೌನ ಎಂದುಕೊಂಡು ಹೊರಟಿದ್ದರೆ ಮಲೆನಾಡಿನ ರೈಲು ನಿಮಗಲ್ಲ. ಕುಳಿತ ಐದು ನಿಮಿಷಕ್ಕೆ "ಯಾವ ಊರಾಯಿತು?" ಎನ್ನುತ್ತಾರೆ. ಆಮೇಲೆ "ಯಾರ ಮನೆ?". ಮೂರನೆಯದು "ಒಬ್ಬರೇ ಬಂದಿರಾ?". ಕೇಳುವುದರಲ್ಲಿ ಕೆಟ್ಟ ಉದ್ದೇಶವಿರುವುದಿಲ್ಲ. ಎಲ್ಲೋ ಒಂದು ಕಡೆ ನೆಂಟಸ್ತಿಕೆ ಹುಡುಕಿಕೊಂಡರೆ ಅವರಿಗೆ ಸಮಾಧಾನ. ಊರು ಹೇಳಿ. ಉಳಿದುಕೊಳ್ಳುವ ಜಾಗ, ಮೊಬೈಲ್ ನಂಬರ್ ಹೇಳಬೇಕಾಗಿಲ್ಲ. ಮಾತು ಬೇಡವೆನಿಸಿದರೆ ಕೈಯಲ್ಲಿ ಪುಸ್ತಕವಿರಲಿ. ಕೇಳುವವನ ರೀತಿ ಸರಿಯಿಲ್ಲ ಎನಿಸಿದರೆ ನಯನಾಜೂಕು ಬಿಟ್ಟು ಎದ್ದು, ಹೆಂಗಸರು ಮಕ್ಕಳು ಇರುವ ಕಡೆ ಹೋಗಿ ಕುಳಿತುಕೊಳ್ಳಿ. ಕಾರಣ ಹೇಳುವ ಅಗತ್ಯವಿಲ್ಲ.

ಆ ಮೊದಲ ಪಯಣದಲ್ಲಿ ಕುಂಸಿಯಲ್ಲಿ ಒಬ್ಬ ಅಜ್ಜ ಹತ್ತಿ ನನ್ನೆದುರು ಕುಳಿತರು. ತೊಡೆಯ ಮೇಲೆ ಒಂದು ಕೈಚೀಲ, ಅದರಲ್ಲಿ ಬಾಳೆಗೊನೆಯ ಒಂದು ಚಿಪ್ಪು. ಮೂರೂ ಪ್ರಶ್ನೆ ಕೇಳಿ ಮುಗಿಸಿ, ನನ್ನ ರೊಟ್ಟಿ ತಿಂದು, "ನಾವು ಮುಳುಗಡೆಯವರು" ಎಂದರು. ಈ ಭಾಗದಲ್ಲಿ ಅಷ್ಟು ಹೇಳಿದರೆ ಸಾಕು. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟು ಶರಾವತಿ ಕಣಿವೆಯ ಊರುಗಳನ್ನು ಮುಳುಗಿಸಿದಾಗ ಎದ್ದು ಬಂದವರು ಶಿವಮೊಗ್ಗ ಜಿಲ್ಲೆಯ ಕಾಡಂಚುಗಳಲ್ಲಿ ಅಲ್ಲಲ್ಲಿ ನೆಲೆ ನಿಂತರು. ಅಜ್ಜ ಆಗ ಹುಡುಗ. ಸಾಮಾನು ತುಂಬಿದ ಲಾರಿಯ ಮೇಲೆ ಕುಳಿತು ಬಂದದ್ದು, ದಾರಿಯಲ್ಲಿ ಇಳಿದು ಓಡಿಹೋದ ಎಮ್ಮೆ, ಅದು ಮೂರನೆಯ ದಿನಕ್ಕೆ ಹಳೆಯ ಮನೆಯ ಕೊಟ್ಟಿಗೆಯಲ್ಲೇ ನಿಂತಿದ್ದದ್ದು, ಅದನ್ನು ಕರೆತರಲು ಹೋದ ಅಪ್ಪ ನೀರು ಅಂಗಳಕ್ಕೆ ಬರುವವರೆಗೂ ವಾಪಸು ಬಾರದಿದ್ದದ್ದು. ಇಷ್ಟನ್ನು ಸಾಗರ ಬರುವಷ್ಟರಲ್ಲಿ ಹೇಳಿ ಮುಗಿಸಿದರು. ಅಳಲಿಲ್ಲ, ಯಾರನ್ನೂ ಬೈಯಲಿಲ್ಲ. ಬೇಸಿಗೆಯಲ್ಲಿ ನೀರು ಇಳಿದಾಗ ಹೋಗಿ ನೋಡಿದರೆ ಮರದ ಬೊಡ್ಡೆಗಳು ಕಾಣುತ್ತವೆ, ಅದರಲ್ಲಿ ಒಂದು ತಮ್ಮ ಹಲಸಿನದು ಎಂದರು.

ಜೋಗಕ್ಕೆ ನಾವು ಕುಟುಂಬವಾಗಿ ಆರು ಸಲ ಹೋಗಿದ್ದೇವೆ. ಆರೂ ಸಲ ಈ ಹಿನ್ನೀರು ನೋಡಿ "ಎಷ್ಟು ಚೆಂದ" ಎಂದು ಫೋಟೊ ತೆಗೆದಿದ್ದೇವೆ. ನನ್ನ ಎದುರಿನ ಸೀಟಿನಲ್ಲಿ ಆಗೆಲ್ಲ ಮನೆಯವರೇ ಇರುತ್ತಿದ್ದರು.

ಅಜ್ಜ ಸಾಗರದಲ್ಲಿ ಇಳಿದರು. ಇಳಿಯುವಾಗ ಎರಡು ಬಾಳೆಹಣ್ಣು ಕೊಟ್ಟರು.

ತಾಳಗುಪ್ಪದಲ್ಲಿ ಇಳಿದ ಮೇಲೆ

ಸಾಗರದಿಂದ ತಾಳಗುಪ್ಪ ಹದಿನೈದು ಕಿ.ಮೀ. ಆಸುಪಾಸು. ಅಲ್ಲಿಂದ ಜೋಗಕ್ಕೂ ಹೆಚ್ಚುಕಡಿಮೆ ಅಷ್ಟೇ. ಬಸ್ಸು, ಆಟೋ ಸಿಗುತ್ತವೆ. ಆಟೋ ಹತ್ತುವ ಮೊದಲು ಹೋಗಿ ಬರುವುದಕ್ಕೆ ಒಟ್ಟು ಎಷ್ಟು, ಅಲ್ಲಿ ಎಷ್ಟು ಹೊತ್ತು ಕಾಯುತ್ತಾರೆ ಎಂದು ಮಾತಾಡಿಕೊಳ್ಳಿ. 253 ಮೀಟರ್ ಎತ್ತರದಿಂದ ಬೀಳುವ ರಾಜ, ರಾಣಿ, ರೋರರ್, ರಾಕೆಟ್ ಬಗ್ಗೆ ನಾನು ಹೊಸದಾಗಿ ಹೇಳುವುದೇನೂ ಇಲ್ಲ. ಮಂಜು ಮುಚ್ಚಿದ್ದರೆ ಸಿಡುಕಬೇಡಿ, ಅರ್ಧ ಗಂಟೆ ಕಾಯಿರಿ. "ಹೊರಡೋಣ" ಎನ್ನಲು ಜೊತೆಗೆ ಯಾರೂ ಇಲ್ಲದ ಕಾರಣ ಕಾಯುವುದು ಸುಲಭ.

ಜೋಗ ಬೇಡವೆಂದರೆ ಸಾಗರದಲ್ಲೇ ಇಳಿಯಬಹುದು. ಇಕ್ಕೇರಿ, ಕೆಳದಿಯ ದೇವಸ್ಥಾನಗಳು, ನೀನಾಸಂ ಇರುವ ಹೆಗ್ಗೋಡು, ಎಲ್ಲವೂ ಹತ್ತಿರ. ಒಂದು ದಿನಕ್ಕೆ ಒಂದೇ ಸಾಕು. ಎಲ್ಲವನ್ನೂ ಮುಗಿಸಿಬಿಡುವ ಆತುರವನ್ನು ಕುಟುಂಬದ ಪ್ರವಾಸಕ್ಕೆ ಬಿಟ್ಟುಕೊಡಿ.

ವಾಪಸಿನ ರೈಲಿನ ವೇಳೆ ಬರೆದುಕೊಳ್ಳಿ ಎಂದಿದ್ದೆ. ಮಂಜು ಸರಿಯಲಿ ಎಂದು ಕಾದು ಕಾದು ನಾನು ಅಂದು ಆ ರೈಲು ತಪ್ಪಿಸಿಕೊಂಡೆ. ದೊಡ್ಡ ಅನಾಹುತವೇನಲ್ಲ. ಸಾಗರಕ್ಕೆ ಬಂದರೆ ಶಿವಮೊಗ್ಗಕ್ಕೆ ಬಸ್ಸುಗಳಿವೆ. 2023ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಹಣವೂ ಇಲ್ಲ. ಆದರೆ ಈ ಕಡೆ ಖಾಸಗಿ ಬಸ್ಸುಗಳೂ ಸಾಕಷ್ಟು ಓಡುತ್ತವೆ, ನೋಡಿ ಹತ್ತಬೇಕು. ಮನೆಗೆ ಒಂದು ಕರೆ ಮಾಡಿ, ತಡವಾಗುತ್ತದೆ ಎಂದು ಹೇಳಿದರೆ ಆಯಿತು.

ಅಂದು ಮನೆ ಸೇರುವಾಗ ರಾತ್ರಿ ಒಂಬತ್ತು ಗಂಟೆ. ಅತ್ತೆ ಊಟಕ್ಕೆ ಕಾದಿದ್ದರು. ಬಡಿಸುತ್ತ ಅಜ್ಜನ ಕತೆ ಹೇಳಿದೆ. ಲಾರಿ, ಎಮ್ಮೆ, ಅಂಗಳಕ್ಕೆ ಬಂದ ನೀರು, ಹಲಸಿನ ಬೊಡ್ಡೆ. ಅತ್ತೆ ಅನ್ನ ಕಲಸುವುದನ್ನು ನಿಲ್ಲಿಸಿ ಪೂರ್ತಿ ಕೇಳಿದರು.

"ಮುಳುಗಿದ್ದು ಯಾವ ಊರಂತೆ?" ಎಂದರು.

ನಾನು ಕೇಳಿರಲಿಲ್ಲ.