ಮಳೆಗಾಲದಲ್ಲಿ ಫೌಂಡ್ರಿ ಕೆಲಸಕ್ಕೆ ಸೇರುವವರಿಗೆ

ಶಿವಮೊಗ್ಗದ ಮಾಚೇನಹಳ್ಳಿ ಕಡೆಯ ಫೌಂಡ್ರಿಗಳಿಗೆ (ಲೋಹ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆಗಳಿಗೆ) ಹೊಸದಾಗಿ ಸೇರುವ ಹುಡುಗರು ಇದನ್ನು ದಯವಿಟ್ಟು ಓದಿ. ಅಲ್ಲಿ ಬೆಂಕಿಗಿಂತ ಜಾಸ್ತಿ ಹೆದರಬೇಕಾದ್ದು ನೀರಿಗೆ. ನೀರು ಆವಿಯಾದರೆ ಸುಮಾರು 1,600 ಪಟ್ಟು ಹಿಗ್ಗುತ್ತದೆ. ಒದ್ದೆ ಗುಜರಿ ಕುಲುಮೆಗೆ ಬಿತ್ತು ಅಂದರೆ ಕರಗಿದ ಕಬ್ಬಿಣ ಸಿಡಿದು ಮೈಮೇಲೆ ಬರುತ್ತದೆ. ನಮ್ಮ ಜಡಿಮಳೆಯಲ್ಲಿ ಹೊರಗೆ ಬಿದ್ದಿದ್ದ ಗುಜರಿ ಮೇಲ್ನೋಟಕ್ಕೆ ಒಣಗಿದಂತೆ ಕಂಡರೂ ಪೈಪಿನ ತುಂಡಿನೊಳಗೆ, ಡಬ್ಬದ ತಳದಲ್ಲಿ ನೀರು ನಿಂತಿರುತ್ತದೆ. ಬಗ್ಗಿಸಿ ನೋಡಿ. ಅನುಮಾನ ಬಂದರೆ ಹಾಕಲೇಬೇಡಿ, ಸೂಪರ್‌ವೈಸರ್ ಎಷ್ಟೇ ಅವಸರ ಮಾಡಲಿ. ಲೇಡಲ್ (ಕರಗಿದ ಲೋಹ ಸುರಿಯುವ ಪಾತ್ರೆ), ಸಲಾಕೆ ಕೂಡ ಕಾಯಿಸಿಯೇ ಬಳಸಿ.

ಬಟ್ಟೆ ದಪ್ಪ ಹತ್ತಿಯದೇ ಇರಲಿ. ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಪ್ಯಾಂಟನ್ನು ಶೂ ಒಳಗೆ ಸಿಕ್ಕಿಸಬೇಡಿ, ಕಿಡಿ ನೇರ ಒಳಗಿಳಿಯುತ್ತದೆ. ಹಾಂ, ಓವರ್‌ಟೈಮ್‌ಗೆ ಡಬಲ್ ಸಂಬಳ ಕಾನೂನಿನಲ್ಲೇ ಇದೆ, ಕೇಳಿ ಪಡೆಯಿರಿ.