ಬಜ್ಪೆ ಏರ್‌ಪೋರ್ಟಿನ ತಪಾಸಣೆ ದಾಟಿ ಪ್ಯಾರಾಶೂಟ್ ಒಯ್ಯುವುದು ಹೇಗೆ?

ಮಂಗಳೂರು, ಉಡುಪಿ ಕಡೆ ಸ್ಕೈಡೈವಿಂಗ್ ಮಾಡುವವರು ಬೆರಳೆಣಿಕೆಯಷ್ಟು ಜನ. ಜಿಗಿಯಬೇಕೆಂದರೆ ನಾವು ಹರಿಯಾಣದ ನಾರ್ನೌಲ್‌ಗೆ ಹೋಗಬೇಕು, ಇಲ್ಲದಿದ್ದರೆ ದುಬೈಗೋ ಥಾಯ್ಲೆಂಡಿಗೋ. ಎಲ್ಲಿಗೆ ಹೋದರೂ ಪ್ಯಾರಾಶೂಟ್ ಮೊದಲು ಬಜ್ಪೆಯ ಎಕ್ಸ್‌ರೇ ಮೆಷಿನ್ ದಾಟಬೇಕಲ್ವಾ? ಸ್ವಂತ ರಿಗ್ (ಪ್ಯಾರಾಶೂಟ್‌ಗಳಿರುವ ಇಡೀ ಬೆನ್ನಚೀಲ) ಕೊಂಡವರೆಲ್ಲ ನನ್ನ ಹತ್ತಿರ ಕೇಳುವುದು ಇದನ್ನೇ: "ಏರ್‌ಪೋರ್ಟಲ್ಲಿ ಬಿಡ್ತಾರಾ?"

ಬಿಡುತ್ತಾರೆ. ಆದರೆ ತಯಾರಿ ಬೇಕು. ಮೆಷಿನ್ ತೋರಿಸುವ ಮೊದಲೇ ನೀವೇ ತೋರಿಸಿ, ಅವರು ಕೇಳುವ ಮೊದಲೇ ನೀವೇ ಹೇಳಿ. ಉಳಿದದ್ದೆಲ್ಲ ಇದರ ವಿವರ.

ಸ್ಕ್ರೀನಿನ ಮೇಲೆ ರಿಗ್ ಹೇಗೆ ಕಾಣುತ್ತದೆ ಅಂತ ಒಮ್ಮೆ ಯೋಚಿಸಿ. ಬೆನ್ನಿಗೆ ಹಾಕುವ ಚೀಲ, ಒಳಗೆ ಒತ್ತಿ ಮಡಚಿದ ಎರಡು ಪ್ಯಾರಾಶೂಟ್, ಬಕಲ್‌ಗಳು, ಸ್ಟೀಲ್ ಕೇಬಲ್. ನಡುವೆ ಒಂದು ಎಲೆಕ್ಟ್ರಾನಿಕ್ ಪೆಟ್ಟಿಗೆ, ಬ್ಯಾಟರಿ, ಅದರಿಂದ ಹೊರಟ ವೈರ್, ವೈರಿನ ತುದಿಯಲ್ಲಿ ಸಣ್ಣ ಲೋಹದ ಕೊಳವೆ. ಇದೇ ಎಎಡಿ. ಸೈಪ್ರೆಸ್, ವಿಜಿಲ್ ಅಂತ ನಾವು ಕರೆಯುವ ಸಾಧನ. ಜಿಗಿದವರಿಗೆ ಪ್ರಜ್ಞೆ ತಪ್ಪಿ, ಸುಮಾರು 750 ಅಡಿ ಎತ್ತರದಲ್ಲೂ ವೇಗವಾಗಿ ಬೀಳುತ್ತಲೇ ಇದ್ದರೆ, ಆ ಕೊಳವೆಯೊಳಗಿನ ಚಿಟಿಕೆಯಷ್ಟು ಮದ್ದು ಸಿಡಿದು ಒಂದು ಬ್ಲೇಡನ್ನು ತಳ್ಳುತ್ತದೆ. ಬ್ಲೇಡು ರಿಸರ್ವ್, ಅಂದರೆ ತುರ್ತಿಗೆಂದು ಇರುವ ಎರಡನೇ ಪ್ಯಾರಾಶೂಟಿನ ದಾರ ಕತ್ತರಿಸುತ್ತದೆ, ರಿಸರ್ವ್ ಬಿಚ್ಚಿಕೊಳ್ಳುತ್ತದೆ. ಜೀವ ಉಳಿಸುವ ವಸ್ತು ಅದು. ಆದರೆ ಸ್ಕ್ರೀನ್ ಮುಂದೆ ಕೂತ ಸಿಐಎಸ್‌ಎಫ್ ಸಿಬ್ಬಂದಿಗೆ ಕಾಣುವುದು ಬ್ಯಾಟರಿ, ವೈರ್, ಕೊಳವೆ. ಅವರು ಬ್ಯಾಗ್ ನಿಲ್ಲಿಸಲೇಬೇಕು. ನಿಲ್ಲಿಸಿದರು ಅಂತ ಬೇಜಾರು ಮಾಡಿಕೊಳ್ಳುವುದು ಸರಿಯಲ್ಲ.

ಅದರಲ್ಲೂ ಬಜ್ಪೆಯಲ್ಲಿ. 2020ರ ಜನವರಿ 20ರಂದು ಇದೇ ಏರ್‌ಪೋರ್ಟಿನಲ್ಲಿ ಯಾರೋ ಬಿಟ್ಟುಹೋದ ಬ್ಯಾಗಿನಲ್ಲಿ ಸ್ಫೋಟಕ ಸಿಕ್ಕಿತ್ತು. ನಮ್ಮ ಊರಿನ ಯಾರೂ ಅದನ್ನು ಮರೆತಿಲ್ಲ. ಹಾಗಾಗಿ ರಿಗ್ ಇರುವ ಬ್ಯಾಗನ್ನು ಟ್ರಾಲಿಯಲ್ಲಿ ಬಿಟ್ಟು ಚಾ ಕುಡಿಯಲು ಹೋಗಬೇಡಿ. ಒಂದು ನಿಮಿಷಕ್ಕೂ ಬೇಡ.

ಮನೆಯಿಂದ ಹೊರಡುವ ಮೊದಲು

ಎಎಡಿ ಜೊತೆ ಒಂದು ಎಕ್ಸ್‌ರೇ ಕಾರ್ಡ್ ಬರುತ್ತದೆ. ರಿಗ್ ಮೆಷಿನ್‌ನಲ್ಲಿ ಹೇಗೆ ಕಾಣುತ್ತದೆ ಎಂಬ ಚಿತ್ರ, ಯಾವ ಭಾಗ ಏನು ಎಂಬ ವಿವರ ಅದರಲ್ಲಿ ಇರುತ್ತದೆ. ಕಳೆದುಹೋಗಿದ್ದರೆ ಕಂಪನಿಯ ವೆಬ್‌ಸೈಟಿನಲ್ಲಿ ಹುಡುಕಿ ಕಲರ್ ಪ್ರಿಂಟ್ ತೆಗೆಸಿ, ಲ್ಯಾಮಿನೇಟ್ ಮಾಡಿಸಿ. ಟಿಕೆಟ್ ಮಾಡಿದ ಕೂಡಲೇ ವಿಮಾನ ಕಂಪನಿಗೆ ಇಮೇಲ್ ಬರೆದು, ಎಎಡಿ ಇರುವ ಕ್ರೀಡಾ ಪ್ಯಾರಾಶೂಟ್ ತರುತ್ತಿದ್ದೇನೆ ಎಂದು ತಿಳಿಸಿ. ಉತ್ತರದ ಪ್ರಿಂಟ್ ಕೈಯಲ್ಲಿರಲಿ. ಅದು ಕೌಂಟರಿನಲ್ಲಿ ಕೆಲಸಕ್ಕೆ ಬರುತ್ತದೆ. ತಪಾಸಣೆಯ ಜಾಗದಲ್ಲಿ ಕೊನೆಯ ಮಾತು ಮಾತ್ರ ಸಿಐಎಸ್‌ಎಫ್‌ನದ್ದೇ. ನಿಮ್ಮ ಸ್ಕೈಡೈವಿಂಗ್ ಲೈಸೆನ್ಸ್, ಲಾಗ್‌ಬುಕ್ ಕೂಡ ಜೊತೆಗಿರಲಿ. ಎಎಡಿ ಆಫ್ ಮಾಡಿಡಿ. ಜಿಗಿಯುವ ಜಾಗದ ನೆಲದ ಮೇಲೆ ಆನ್ ಮಾಡಿದರೆ ಅಲ್ಲಿನ ಎತ್ತರವನ್ನು ಸೊನ್ನೆಯಾಗಿ ತೆಗೆದುಕೊಳ್ಳುತ್ತದೆ, ಅದೇ ಸರಿಯಾದ ಕ್ರಮ.

ಹುಕ್ ನೈಫ್ ಅಂತ ಒಂದು ಸಣ್ಣ ಚಾಕು ಇರುತ್ತದಲ್ಲ, ಸಿಕ್ಕಿಕೊಂಡ ಹಗ್ಗ ಕತ್ತರಿಸಲು? ರಿಗ್ಗಿನ ಪಟ್ಟಿಯಲ್ಲೇ ಹೊಲಿದ ಕಿಸೆಯಲ್ಲಿ ಅದು ಇರುವುದು ನೆನಪೇ ಆಗುವುದಿಲ್ಲ. ತೆಗೆದು ಚೆಕ್-ಇನ್ ಲಗೇಜಿಗೆ ಹಾಕಿ. ಕತ್ತರಿ, ಸೂಜಿ, ಸ್ಪ್ಯಾನರ್‌ಗಳೂ ಅಲ್ಲಿಗೇ. ಕ್ಯಾಮೆರಾದ ಹೆಚ್ಚುವರಿ ಬ್ಯಾಟರಿ, ಪವರ್ ಬ್ಯಾಂಕ್ ಮಾತ್ರ ಇದಕ್ಕೆ ವಿರುದ್ಧ: ಅವು ಕೈಯಲ್ಲೇ ಬರಬೇಕು, ಚೆಕ್-ಇನ್‌ಗೆ ಹಾಕುವಂತಿಲ್ಲ. ಬಣ್ಣದ ಹೊಗೆ ಬಿಡುವ ಡಬ್ಬಿಗಳನ್ನು ಎಲ್ಲಿಯೂ ಇಡಬೇಡಿ. ಪ್ಯಾರಾಮೋಟರ್ (ಬೆನ್ನಿಗೆ ಎಂಜಿನ್ ಕಟ್ಟಿ ಹಾರುವ ಪ್ಯಾರಾಗ್ಲೈಡರ್) ಇರುವವರಿಗೂ ಒಂದು ಮಾತು: ಪೆಟ್ರೋಲ್ ವಾಸನೆ ಇರುವ ಎಂಜಿನ್ ಪ್ರಯಾಣಿಕರ ಲಗೇಜಿನಲ್ಲಿ ಹೋಗುವುದಿಲ್ಲ.

ಕೈಯಲ್ಲೋ, ಚೆಕ್-ಇನ್ನೋ?

ನನ್ನ ಮನಸ್ಸು ಯಾವಾಗಲೂ ಕೈಯಲ್ಲಿ ಒಯ್ಯುವ ಕಡೆಗೇ. ರಿಗ್ ಕಣ್ಣೆದುರು ಇರುತ್ತದೆ, ಪ್ರಶ್ನೆ ಬಂದರೆ ಉತ್ತರ ಕೊಡಲು ನಾನಿರುತ್ತೇನೆ. ತೊಂದರೆ ತೂಕದ್ದು. ರಿಗ್ ಹತ್ತು ಕಿಲೋ ಹತ್ತಿರ ಬರುತ್ತದೆ, ಇಕಾನಮಿಯಲ್ಲಿ ಕೈಚೀಲಕ್ಕೆ ಸಾಮಾನ್ಯವಾಗಿ 7 ಕಿಲೋ ಮಿತಿ. ಇಮೇಲ್ ಬರೆಯುವಾಗಲೇ ಈ ವಿಷಯವನ್ನೂ ಕೇಳಿಬಿಡಿ. ಒಪ್ಪದಿದ್ದರೆ ಚೆಕ್-ಇನ್ ಮಾಡದೆ ದಾರಿ ಇಲ್ಲ.

ಆಗ ಗಟ್ಟಿ ಸೂಟ್‌ಕೇಸ್ ಬೇಕು. ರಿಗ್ ಒಂದನ್ನೇ ಹಾಕಿ, ಸುತ್ತ ಟವೆಲ್ ತುರುಕಿ ಹ್ಯಾಂಡಲ್‌ಗಳು ಎಲ್ಲಿಯೂ ಸಿಕ್ಕಿಕೊಳ್ಳದಂತೆ ಮಾಡಿ. ತೆರೆದ ಕೂಡಲೇ ಕಾಣುವಂತೆ ಎಕ್ಸ್‌ರೇ ಕಾರ್ಡ್, ಅದರ ಮೇಲೆ ನಿಮ್ಮ ಫೋನ್ ನಂಬರ್. ಸೂಟ್‌ಕೇಸ್ ಕೊಟ್ಟ ಮೇಲೆ ಕೌಂಟರಿನವರಿಗೆ ಹೇಳಿ, ಸ್ಕ್ರೀನಿಂಗ್ ಮುಗಿಯುವವರೆಗೆ ಅಲ್ಲೇ ನಿಂತಿರಿ. 1985ರಲ್ಲಿ ಕನಿಷ್ಕ ವಿಮಾನದ 329 ಜನರ ಜೀವ ತೆಗೆದ ಬಾಂಬು ಚೆಕ್-ಇನ್ ಸೂಟ್‌ಕೇಸಿನಲ್ಲೇ ಬಂದಿತ್ತು. ನಮ್ಮ ವಿಮಾನ ನಿಲ್ದಾಣಗಳ ಭದ್ರತಾ ನಿಯಮ ಮಾಡುವ ಬಿಸಿಎಎಸ್ ಸ್ವತಂತ್ರ ಇಲಾಖೆಯಾದದ್ದು ಅದರ ನಂತರ, 1987ರಲ್ಲಿ. ಸೂಟ್‌ಕೇಸಿನಲ್ಲಿ ವೈರ್ ಕಂಡರೆ ಅವರು ಯಾಕೆ ಅಷ್ಟು ಗಂಭೀರ ಅಂತ ಇದರಿಂದ ಅರ್ಥವಾಗುತ್ತದೆ.

ಅಮೆರಿಕದಲ್ಲಿ ಏರ್‌ಪೋರ್ಟ್ ತಪಾಸಣೆ ಮಾಡುವ ಟಿಎಸ್‌ಎ ಸ್ಕೈಡೈವರ್‌ಗಳಿಗಾಗಿಯೇ ಹೇಳಿರುವ ಒಂದು ಮಾತಿದೆ: ಪ್ಯಾರಾಶೂಟ್ ತೆರೆದು ನೋಡಬೇಕಾದರೆ ಅದರ ಮಾಲೀಕರು ಎದುರಿಗಿರಬೇಕು, ಹಾಗಾಗಿ ಅರ್ಧ ಗಂಟೆ ಮುಂಚೆ ಬನ್ನಿ. ಇಲ್ಲಿಗೆ ಆ ನಿಯಮ ಅನ್ವಯಿಸುವುದಿಲ್ಲ, ಆದರೆ ಅಭ್ಯಾಸ ಒಳ್ಳೆಯದು. ನಾನು ಇನ್ನೂ ಜಾಸ್ತಿಯೇ ಇಟ್ಟುಕೊಳ್ಳುತ್ತೇನೆ. ಉಡುಪಿಯಿಂದ ಬರುವವರು ಹೆದ್ದಾರಿಯ ಟ್ರಾಫಿಕ್ ಲೆಕ್ಕವನ್ನೂ ಸೇರಿಸಿ. ಮುಲ್ಕಿಯಲ್ಲಿ ತಿರುಗಿ ಕಿನ್ನಿಗೋಳಿ, ಕಟೀಲು ಮೇಲೆ ಬಂದರೆ ಸುರತ್ಕಲ್ ಕಡೆಯ ಗದ್ದಲ ತಪ್ಪುತ್ತದೆ.

ಬೆಲ್ಟಿನ ಹತ್ತಿರ

ಬ್ಯಾಗ್ ಬೆಲ್ಟಿಗೆ ಹಾಕುವ ಮೊದಲೇ ಕಾರ್ಡ್ ತೋರಿಸಿ, "ಸರ್, ಸ್ಪೋರ್ಟ್ಸ್ ಪ್ಯಾರಾಶೂಟ್" ಅನ್ನಿ. ಹಿಂದಿ ಬಂದರೆ ಇನ್ನೂ ಸುಲಭ, ಸಿಬ್ಬಂದಿಯಲ್ಲಿ ಹೆಚ್ಚಿನವರು ಹೊರ ರಾಜ್ಯದವರು. ಕೊಳವೆಯಲ್ಲಿ ಏನಿದೆ ಎಂದು ಕೇಳಿದರೆ ಕಾರ್ಡಿನಲ್ಲಿ ಬರೆದದ್ದನ್ನೇ ಹೇಳಿ. ಮುಚ್ಚಿಡಬೇಡಿ.

ಈಗ ತುಂಬಾ ಮುಖ್ಯವಾದದ್ದು. ರಿಗ್ಗಿನ ಎಡ ಎದೆಯ ಪಟ್ಟಿಯ ಮೇಲೆ ರಿಸರ್ವ್ ಹ್ಯಾಂಡಲ್ ಇದೆ, ಹೆಚ್ಚಾಗಿ ಹೊಳೆಯುವ ಲೋಹದ ಬಳೆ. ಚೀಲ ಪರೀಕ್ಷೆ ಮಾಡುವ ಯಾರಿಗೇ ಆದರೂ ಮೊದಲು ಕೈ ಹೋಗುವುದು ಅಲ್ಲಿಗೇ, ಎಳೆದರೆ ಚೀಲ ಬಿಚ್ಚಿಕೊಳ್ಳುತ್ತದೆ ಎಂಬಂತೆ ಅದು ಕಾಣುತ್ತದೆ. ಎಳೆದರೆ ನಿಜಕ್ಕೂ ಬಿಚ್ಚಿಕೊಳ್ಳುತ್ತದೆ. ಸ್ಪ್ರಿಂಗ್ ಇರುವ ಪುಟ್ಟ ಪ್ಯಾರಾಶೂಟ್ ಮೇಲಕ್ಕೆ ಚಿಮ್ಮುತ್ತದೆ, ಹತ್ತಿರ ಮುಖ ಇದ್ದವರಿಗೆ ಪೆಟ್ಟಾಗಬಹುದು. ಸರ್ಟಿಫಿಕೇಟ್ ಇರುವ ರಿಗ್ಗರ್ (ರಿಸರ್ವ್ ಮಡಚುವ ತಜ್ಞ) ಮತ್ತೆ ಮಡಚಿ ಸೀಲ್ ಮಾಡುವವರೆಗೆ ಆ ರಿಗ್ ಹಾಕಿ ಜಿಗಿಯುವಂತಿಲ್ಲ. ನಿಮ್ಮ ಪ್ರಯಾಣ ಅಲ್ಲಿಗೇ ವ್ಯರ್ಥ.

ಒಮ್ಮೆ ಒಬ್ಬ ಮಹಿಳಾ ಸಿಬ್ಬಂದಿಯ ಬೆರಳು ಆ ಬಳೆಯೊಳಗೆ ಹೋಗಿಯೇ ಬಿಟ್ಟಿತ್ತು. ನಾನು ಬ್ಯಾಗಿಗೆ ಕೈ ಹಾಕಲಿಲ್ಲ. ಅಂಗೈ ಎತ್ತಿ, ಮೆಲ್ಲಗೆ, "ಮೇಡಂ, ಅದೊಂದು ಎಳೀಬೇಡಿ, ನಾನೇ ತೆರೆದು ತೋರಿಸ್ತೇನೆ" ಅಂದೆ. ಅವರು ಬೆರಳು ತೆಗೆದರು. ನಾನು ಫ್ಲ್ಯಾಪ್ ಎತ್ತಿ ರಿಸರ್ವಿನ ಪಿನ್, ಅದರ ಮೇಲಿನ ಕೆಂಪು ದಾರ, ಸೀಸದ ಸೀಲ್ ತೋರಿಸಿದೆ. ಅವರು ಅದನ್ನು ಹತ್ತಿರದಿಂದ ನೋಡಿ, ಪಕ್ಕದವರನ್ನೂ ಕರೆದು ತೋರಿಸಿದರು. ಈಗ ನಾನು ಮೊದಲೇ ಆ ಹ್ಯಾಂಡಲ್ ಮೇಲೆ ಬಟ್ಟೆ ಸುತ್ತಿ, "ಎಳೆಯಬೇಡಿ" ಎಂದು ಹಿಂದಿ, ಇಂಗ್ಲಿಷಿನಲ್ಲಿ ಚೀಟಿ ಅಂಟಿಸುತ್ತೇನೆ. ನೀವೂ ಮಾಡಿ. ಮುಖ್ಯ ಪ್ಯಾರಾಶೂಟ್ ತೆರೆದು ತೋರಿಸಿ ಅಂದರೆ ಖುಷಿಯಿಂದ ತೋರಿಸಿ, ಅದನ್ನು ನೀವೇ ಮತ್ತೆ ಮಡಚಬಹುದು.

ಸಣ್ಣ ವಿಮಾನ ಹಾರಿಸುವವರಿಗೆ

ಬೆಂಗಳೂರಿನ ಜಕ್ಕೂರು ಏರ್‌ಫೀಲ್ಡಿನಲ್ಲಿ ಹಾರಾಟ ಕಲಿತ ನನ್ನ ಗೆಳೆಯನೊಬ್ಬ ನಾಲ್ಕು ಸೀಟಿನ ಸೆಸ್ನಾ ಹಾರಿಸುತ್ತಾನೆ. ಬೆಂಗಳೂರಿಂದ ಬಜ್ಪೆಗೆ ಅದರಲ್ಲಿ ಒಂದೂವರೆ ಗಂಟೆಯ ದಾರಿ. ನೆಲದ ಮೇಲಿನ ಕೆಲಸಕ್ಕೂ ಅಷ್ಟೇ ಸಮಯ ತೆಗೆದಿಡಿ ಅನ್ನುತ್ತಾನೆ. ಅಮೆರಿಕದ ವಿಡಿಯೋಗಳಲ್ಲಿ ಪೈಲಟ್ ಕಾರಿನಲ್ಲಿ ಬಂದು ನೇರ ವಿಮಾನ ಹತ್ತುವುದು ಕಾಣುತ್ತದಲ್ಲ, ಅದನ್ನು ನೋಡಿ ಬರಬೇಡಿ. ಅಲ್ಲೂ 2001ರ ದಾಳಿಯ ನಂತರ ವಾಷಿಂಗ್ಟನ್ ಹತ್ತಿರದ ಮೂರು ಪುಟ್ಟ ಏರ್‌ಫೀಲ್ಡ್‌ಗಳಿಗೆ ಹಾರುವ ಪೈಲಟ್‌ಗಳು ಬೆರಳಚ್ಚು ಕೊಟ್ಟು, ಹಿನ್ನೆಲೆ ಪರಿಶೀಲನೆ ಮುಗಿಸಬೇಕು.

ನಮ್ಮಲ್ಲಿ 1995ರ ಡಿಸೆಂಬರ್ 17ರ ರಾತ್ರಿ ಪಶ್ಚಿಮ ಬಂಗಾಳದ ಪುರುಲಿಯಾದ ಮೇಲೆ ಒಂದು ವಿಮಾನ ಪ್ಯಾರಾಶೂಟ್ ಕಟ್ಟಿ ರೈಫಲ್‌ಗಳನ್ನು ಉದುರಿಸಿ ಹೋಗಿತ್ತು. ಹಾಗಾಗಿ ಗುರುತಿಲ್ಲದ ಸಣ್ಣ ವಿಮಾನ ಅಂದರೆ ಇಲ್ಲಿ ಯಾರೂ ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಫ್ಲೈಟ್ ಪ್ಲಾನ್ ಹಾಕಿ, ವಾಯುಪಡೆಯ ಎಡಿಸಿ (ವಾಯು ರಕ್ಷಣಾ ಅನುಮತಿ) ನಂಬರ್, ಎಫ್‌ಐಸಿ (ಹಾರಾಟ ಮಾಹಿತಿ ಕೇಂದ್ರದ) ನಂಬರ್ ಎರಡನ್ನೂ ಪಡೆದು ಬರೆದುಕೊಳ್ಳಿ. ಬಜ್ಪೆಯಲ್ಲಿ ಪಾರ್ಕಿಂಗ್, ಗ್ರೌಂಡ್ ಹ್ಯಾಂಡ್ಲಿಂಗ್ ಮುಂಚೆಯೇ ಮಾತಾಡಿ. ಇಳಿದ ಮೇಲೆ ಕರೆದೊಯ್ಯುವವರು ಬರುವವರೆಗೆ ವಿಮಾನದ ಪಕ್ಕದಲ್ಲೇ ಇರಿ. ಏಪ್ರನ್ (ವಿಮಾನ ನಿಲ್ಲಿಸುವ ಜಾಗ) ಮೇಲೆ ಸುಮ್ನೆ ಅಡ್ಡಾಡಬೇಡಿ, ಫೋಟೋ ತೆಗೆಯಬೇಡಿ. ವಾಪಸ್ ಬರುವಾಗ ಪೈಲಟ್ ಆದರೂ, ಜೊತೆ ಬಂದವರಾದರೂ ತಪಾಸಣೆ ಆಗಲೇಬೇಕು.

ಇಲ್ಲಿ ಸಾಮಾನ್ಯವಾಗಿ ಸಿಕ್ಕಿಬೀಳುವುದು ಇಂಧನ ಪರೀಕ್ಷಿಸುವ ಪ್ಲಾಸ್ಟಿಕ್ ಲೋಟ. ಅದರ ನಡುವೆ ಲೋಹದ ಮೊಳೆಯಂಥ ಕಡ್ಡಿ ಇರುತ್ತದೆ, ಕೆಲವಕ್ಕೆ ಸ್ಕ್ರೂಡ್ರೈವರ್ ಕೂಡ. ಹೆಡ್‌ಸೆಟ್ ಬ್ಯಾಗಿನಲ್ಲಿ ಇಟ್ಟುಕೊಂಡು ಊರೊಳಗೆ ಬಂದರೆ ವಾಪಸ್ ಹೋಗುವಾಗ ಅದು ತಪಾಸಣೆಯಲ್ಲೇ ಉಳಿಯುತ್ತದೆ. ವಿಮಾನದೊಳಗೇ ಬಿಟ್ಟು ಬಾಗಿಲಿಗೆ ಬೀಗ ಹಾಕಿ ಬನ್ನಿ.

ಮಳೆಗಾಲದಲ್ಲಿ ಬಜ್ಪೆಯ ಗುಡ್ಡದ ಮೇಲೆ ಮೋಡ ಕೂತರೆ ಹೊರಡುವುದು ತಡವಾಗುತ್ತದೆ. ಅರ್ಧ ಗಂಟೆ ದಾಟುತ್ತದೆ ಅನಿಸಿದ ಕೂಡಲೇ ಎಟಿಸಿಗೆ (ವಿಮಾನ ಸಂಚಾರ ನಿಯಂತ್ರಕರಿಗೆ) ತಿಳಿಸಿ ಫ್ಲೈಟ್ ಪ್ಲಾನ್ ಸಮಯ ಬದಲಿಸಿ, ಎಡಿಸಿ, ಎಫ್‌ಐಸಿ ನಂಬರ್‌ಗಳು ಇನ್ನೂ ಊರ್ಜಿತವೇ ಎಂದು ಅಲ್ಲೇ ಕೇಳಿಕೊಳ್ಳಿ. ತಪಾಸಣೆ ಮುಗಿಸಿ ವಿಮಾನದ ಹತ್ತಿರ ಕೂತಿದ್ದರೆ, ಮತ್ತೆ ಟರ್ಮಿನಲ್‌ಗೆ ಹೋಗುವ ಮೊದಲು ಹ್ಯಾಂಡ್ಲಿಂಗ್‌ನವರಿಗೆ ಫೋನ್ ಮಾಡಿ. ಹೊರಗೆ ಹೋದರೆ ತಪಾಸಣೆ ಮೊದಲಿಂದ ಆಗಬೇಕು.