ತುಕ್ಕು ಹಿಡಿದ ನಟ್‌ಗೆ ಎಂಥ ಇಂಪ್ಯಾಕ್ಟ್ ರೆಂಚ್?

ಆಗುಂಬೆ, ಹೊಸನಗರದ ಕಡೆ ಕಾರು ಇಟ್ಟುಕೊಂಡವರಿಗೆಲ್ಲ ಗೊತ್ತು: ಮಳೆಗಾಲ ಕಳೆದ ಮೇಲೆ ಚಕ್ರ ಬಿಚ್ಚಲು ಹೊರಟರೆ ನಟ್ ಜಪ್ಪಯ್ಯ ಎಂದರೂ ಅಲುಗುವುದಿಲ್ಲ. ಕಾರಿನ ಜೊತೆ ಬಂದ ವೀಲ್ ಸ್ಪ್ಯಾನರ್ ಮೇಲೆ ಹತ್ತಿ ನಿಂತು ತುಳಿಯುತ್ತೇವೆ. ಅದು ಜಾರಿದರೆ ಮೊಣಕಾಲಿಗೆ ಪೆಟ್ಟು, ನಟ್‌ನ ಮೂಲೆಯೂ ಸವೆಯುತ್ತದೆ. ಇಂಥಲ್ಲಿ ನೆರವಿಗೆ ಬರುವುದು ನಟ್ ತಿರುಗಿಸುವ ಕೈಯಂತ್ರವಾದ ಬ್ಯಾಟರಿ ಇಂಪ್ಯಾಕ್ಟ್ ರೆಂಚ್. ಅದರ ಒಳಗಿರುವ ಸುತ್ತಿಗೆ ನಿಮಿಷಕ್ಕೆ ಸಾವಿರಾರು ಬಾರಿ ಬಡಿದು ತುಕ್ಕಿನ ಹಿಡಿತ ಬಿಡಿಸುತ್ತದೆ. ಟಕಟಕ ಎನ್ನುತ್ತಿದ್ದ ಸದ್ದು ಒಮ್ಮೆಲೇ ನುಣುಪಾಯಿತೆಂದರೆ ನಟ್ ಸಡಿಲವಾಯಿತೆಂದೇ ಅರ್ಥ.

ಅಂಗಡಿಗೆ ಹೋಗುವ ಮೊದಲು ಕಾರಿನ ಕೈಪಿಡಿ ತೆರೆಯಿರಿ. ಚಕ್ರದ ನಟ್ ಎಷ್ಟು ಬಿಗಿಯಿರಬೇಕೆಂದು ಅದರಲ್ಲಿರುತ್ತದೆ. ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 85ರಿಂದ 120 ನ್ಯೂಟನ್ ಮೀಟರ್ (ತಿರುಗಿಸುವ ಬಲದ ಅಳತೆ). ಹಾಗಾದರೆ 150ರ ಯಂತ್ರ ಸಾಕಲ್ಲವೇ? ಬಯಲುಸೀಮೆಯಲ್ಲಿ ಸಾಕಾದೀತು. ಮಲೆನಾಡಿನಲ್ಲಿ ತುಕ್ಕು ಹಿಡಿದ ನಟ್ ಬಿಚ್ಚಲು ಬಿಗಿದದ್ದಕ್ಕಿಂತ ಎಷ್ಟೋ ಹೆಚ್ಚು ಬಲ ಬೇಕು. ಡಬ್ಬಿಯ ಮೇಲೆ ಬಿಗಿಯುವ ಬಲ, ಬಿಚ್ಚುವ ಬಲ ಎಂದು ಎರಡು ಲೆಕ್ಕ ಇರಬಹುದು. ದಪ್ಪಕ್ಷರದಲ್ಲಿ ಕಾಣುವ ದೊಡ್ಡ ಅಂಕಿ ಹೆಚ್ಚಾಗಿ ಬಿಚ್ಚುವ ಲೆಕ್ಕ, ಅದಕ್ಕೆ ಮರುಳಾಗಬೇಡಿ. ಬಿಗಿಯುವ ಬಲ 300ರಿಂದ 400 ಇರುವ ಯಂತ್ರವೇ ಮನೆಗೆ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಸಾವಿರದ ಯಂತ್ರ ಲಾರಿ ಗ್ಯಾರೇಜಿಗಿರಲಿ; ಅದರ ಭಾರಕ್ಕೆ ಮಣಿಕಟ್ಟು ಸೋಲುತ್ತದೆ, ಕೈ ತಪ್ಪಿದರೆ ನಟ್ ಕೂರುವ ಬೋಲ್ಟೇ (ಸ್ಟಡ್) ಮುರಿಯುತ್ತದೆ.

ಸಾಕೆಟ್ (ನಟ್ ಹಿಡಿಯುವ ಬಟ್ಟಲು) ಕೂರುವ ಚೌಕದ ಅಳತೆ ಅರ್ಧ ಇಂಚು ಇರಲಿ. ಸ್ಕ್ರೂ ತಿರುಗಿಸುವ ಇಂಪ್ಯಾಕ್ಟ್ ಡ್ರೈವರ್ ನೋಡಲು ಹೀಗೆಯೇ ಇದ್ದರೂ ಈ ಕೆಲಸಕ್ಕಲ್ಲ. ಮೋಟಾರು ಬ್ರಷ್‌ಲೆಸ್ ಆಗಿದ್ದರೆ ಸವೆಯಲು ಕಾರ್ಬನ್ ಬ್ರಷ್ ಇರುವುದಿಲ್ಲ, ಚಾರ್ಜೂ ಹೆಚ್ಚು ಹೊತ್ತು ಬರುತ್ತದೆ.

ಬ್ಯಾಟರಿಯ ವಿಷಯದಲ್ಲಿ ಮಾತ್ರ ಮುಂದಾಲೋಚನೆ ಬೇಕು. 18 ವೋಲ್ಟ್, 20 ವೋಲ್ಟ್ ಮ್ಯಾಕ್ಸ್ ಎರಡೂ ಒಂದೇ. ಎರಡನೆಯದು ಆಗಷ್ಟೇ ಪೂರ್ತಿ ಚಾರ್ಜ್ ಆದಾಗಿನ ಲೆಕ್ಕ. ಆದರೆ ಒಂದು ಕಂಪನಿಯ ಬ್ಯಾಟರಿ ಇನ್ನೊಂದರ ಯಂತ್ರಕ್ಕೆ ಸಾಮಾನ್ಯವಾಗಿ ಕೂರುವುದಿಲ್ಲ. ಬಾಷ್, ಮಕಿಟಾ, ಡೀವಾಲ್ಟ್ ಯಾವುದೇ ಇರಲಿ, ತೋಟಕ್ಕೆಂದು ಬ್ಯಾಟರಿ ಗರಗಸವನ್ನೋ ಹುಲ್ಲು ಕತ್ತರಿಸುವ ಯಂತ್ರವನ್ನೋ ಆಗಲೇ ಕೊಂಡಿದ್ದರೆ ಅದೇ ಕಂಪನಿಯ, ಅದೇ ಬ್ಯಾಟರಿ ಕೂರುವ ರೆಂಚ್ ನೋಡಿ. ಬ್ಯಾಟರಿ ಇಲ್ಲದ ಬರೀ ಯಂತ್ರ ಕೊಂಡರೆ ಸಾಕಷ್ಟು ಹಣ ಉಳಿಯುತ್ತದೆ. ಹೊಸದಾಗಿ ಕೊಳ್ಳುವವರು 4 ಆಂಪಿಯರ್-ಅವರ್ ಸಾಮರ್ಥ್ಯದ ಬ್ಯಾಟರಿ ಆರಿಸಿ.

ಇಂಪ್ಯಾಕ್ಟ್ ಸಾಕೆಟ್‌ಗಳನ್ನು ಬೇರೆಯಾಗಿಯೇ ಕೊಳ್ಳಬೇಕು. ಇವು ದಪ್ಪ ಗೋಡೆಯ, ಕಪ್ಪು ಬಣ್ಣದ ಸಾಕೆಟ್‌ಗಳು. ಮನೆಯಲ್ಲಿರುವ ಮಿರಿಮಿರಿ ಮಿಂಚುವ ಕ್ರೋಮ್ ಸಾಕೆಟ್ ಈ ಬಡಿತಕ್ಕೆ ಸೀಳಿ ಚೂರು ಸಿಡಿಯಬಹುದು, ಕಣ್ಣಿಗೆ ಅಪಾಯ. ಚಕ್ರಗಳಿಗೆ ಹೆಚ್ಚಾಗಿ 17, 19 ಅಥವಾ 21 ಮಿಲಿಮೀಟರ್ ಸಾಕೆಟ್ ಹಿಡಿಯುತ್ತದೆ.

ಇಷ್ಟರ ಜೊತೆಗೆ, ಬೇಕಾದ ಅಳತೆಗೆ ಸರಿಯಾಗಿ ಬಿಗಿಯುವ ಟಾರ್ಕ್ ರೆಂಚ್ ಒಂದನ್ನು ಕೊಳ್ಳಲೇಬೇಕು. ಇಂಪ್ಯಾಕ್ಟ್ ರೆಂಚ್ ಬಿಚ್ಚಲಿಕ್ಕೆ, ಬಿಗಿಯಲಿಕ್ಕಲ್ಲ. ಚಕ್ರ ಕೂರಿಸುವಾಗ ನಟ್‌ಗಳನ್ನು ಬೆರಳಿನಿಂದಲೇ ತಿರುಗಿಸಿ ಹಿಡಿಸಿ. ಜಾಕಿ ಇಳಿಸಿದ ಮೇಲೆ ಒಂದರ ಎದುರಿನದು ಎಂಬಂತೆ ಟಾರ್ಕ್ ರೆಂಚ್‌ನಿಂದ ಕೈಪಿಡಿಯ ಅಳತೆಗೆ ಬಿಗಿಯಿರಿ. ತುಕ್ಕು ಬಾರದಿರಲೆಂದು ಥ್ರೆಡ್‌ಗೆ ಗ್ರೀಸ್ ಬಳಿಯಬೇಡಿ. ಕೈಪಿಡಿಯ ಅಳತೆ ಸಾಮಾನ್ಯವಾಗಿ ಒಣ ಥ್ರೆಡ್‌ಗೆ ಹೇಳಿದ್ದು, ಜಿಡ್ಡಿದ್ದರೆ ನಟ್ ಅತಿಯಾಗಿ ಬಿಗಿಯುತ್ತದೆ. ಐವತ್ತು, ನೂರು ಕಿಲೋಮೀಟರ್ ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿ ನೋಡಿ. ಘಟ್ಟ ಇಳಿಯುವುದಿದ್ದರೆ ಅದಕ್ಕೂ ಮೊದಲೇ ನೋಡಿಕೊಳ್ಳಿ.